ಕರಡಿಗೆ ಒರೆಸಿದ ದಿನ

ಮೊನ್ನೆ ಇಂಜೆಕ್ಷನ್ ಕೊಡುವ ಹುಡುಗಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ನನ್ನ ತೋಳಿಗೆ ಒತ್ತಿದಳು. ನಾನು ಮುಖ ತಿರುಗಿಸಿಕೊಂಡೆ. "ಅಜ್ಜೀ, ಇನ್ನೂ ಚುಚ್ಚೇ ಇಲ್ಲ, ಈಗ್ಲೇ ಹೆದರ್ಕೊಂಡ್ರಾ?" ಎಂದು ನಕ್ಕಳು. ಹೆದರಿಕೆಯ ಮಾತು ಸುಳ್ಳೇನಲ್ಲ. ಜೀವಮಾನವೆಲ್ಲ ಮಕ್ಕಳಿಂದ ಧೈರ್ಯದ ಮೇಲೆ ಪ್ರಬಂಧ ಬರೆಸಿ ಕೆಂಪು ಶಾಯಿಯಲ್ಲಿ ತಿದ್ದಿದ ಮೇಡಂ ನಾನು. ಸೂಜಿ ಕಂಡರೆ ಮಾತ್ರ ಒಂದನೇ ಕ್ಲಾಸಿನ ಮಗುವಾಗಿಬಿಡುತ್ತೇನೆ. ಆದರೆ ಮೊನ್ನೆ ಮುಖ ತಿರುಗಿಸಿದ್ದು ಸೂಜಿಗಲ್ಲ, ಆ ವಾಸನೆಗೆ. ಮೂಗಿಗೇರುವ ಆ ತಣ್ಣನೆಯ ವಾಸನೆ ಬಂತೆಂದರೆ ಚಾಮರಾಜಪೇಟೆಯ ನಮ್ಮ ಮನೆ, ಆ ಮನೆಯ ದೊಡ್ಡಮ್ಮ, ಎಲ್ಲ ಒಟ್ಟಿಗೆ ನೆನಪಿಗೆ ಬರುತ್ತಾರೆ. ನಿಮಗೆ ಪುರುಸೊತ್ತಿದ್ದರೆ ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ದೊಡ್ಡಮ್ಮ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ತಾಯಿಯಿಲ್ಲದ ನನ್ನನ್ನು ಸಾಕಿ, ಓದಿಸಿ, ಮೇಷ್ಟ್ರಮ್ಮನ ಕೆಲಸಕ್ಕೆ ಸೇರುವ ತನಕ ಬೆನ್ನಿಗೆ ನಿಂತವರು. ದೊಡ್ಡಪ್ಪನಿಗೆ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ. ತಾತನ ಕಾಲದಿಂದ ಬಂದದ್ದು. ಹಣೆಯ ತುಂಬ ವಿಭೂತಿ, ಮೈ ತುಂಬ ಬಿಳಿ ಬಟ್ಟೆ, ಬಾಯಿ ತುಂಬ ಉಪದೇಶ. ಕುಡಿತ ಬಿಡಿಸುವ ಸಂಘವೊಂದರಲ್ಲಿ ಅವರು ದೊಡ್ಡ ಸದಸ್ಯರು. ಮೂಟೆ ಹೊರುವವರಲ್ಲಿ ಯಾರ ಬಾಯಾದರೂ ವಾಸನೆ ಬಂದರೆ ಅಲ್ಲೇ ರಸ್ತೆಯಲ್ಲಿ ನಿಲ್ಲಿಸಿ ಭಾಷಣ ಬಿಗಿಯುತ್ತಿದ್ದರು. ಆಮೇಲೆ ಪಾಪ ಎನಿಸಿ ಕಾಫಿ ಕುಡಿಸಿ ಕಳಿಸುತ್ತಿದ್ದರು. ಕಾಫಿಯ ಆಸೆಗೇ ಕೆಲವರು ಬೇಕೆಂದೇ ಎದುರಿಗೆ ಸುಳಿಯುತ್ತಿದ್ದರು ಎಂದು ನನ್ನ ಅನುಮಾನ.

ಮನೆಯಲ್ಲಿ ದೊಡ್ಡಪ್ಪನ ಮಾತೇ ಮಾತು ಎಂದು ಇಡೀ ಬೀದಿ ನಂಬಿತ್ತು. ಆ ನಂಬಿಕೆಯನ್ನು ಜೋಪಾನವಾಗಿ ಕಾಪಾಡಿದವರು ದೊಡ್ಡಮ್ಮ. ತಮಗೆ ಬೇಕಾದದ್ದನ್ನು ತಮಗೆ ಬೇಕಾದ ಹಾಗೆಯೇ ಮಾಡಿ, ನಾಲ್ಕು ಜನರ ಎದುರಿಗೆ ಮಾತ್ರ "ಅವರು ಹೇಳಿದ್ರು, ಮಾಡ್ದೆ" ಎನ್ನುತ್ತಿದ್ದರು. ನನ್ನನ್ನು ಕಾಲೇಜಿಗೆ ಸೇರಿಸಿದ್ದೂ ಹಾಗೆಯೇ. ದೊಡ್ಡಪ್ಪ ಅದನ್ನು ತಮ್ಮದೇ ಯೋಚನೆ ಎಂದುಕೊಂಡು ಕೊನೆಯವರೆಗೂ ಹೆಮ್ಮೆಪಡುತ್ತಿದ್ದರು. ಈ ಉಪಾಯ ಎಲ್ಲ ಕಾಲಕ್ಕೂ ನಡೆಯುವುದಿಲ್ಲ ಎಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ದೊಡ್ಡಮ್ಮನಿಗೆ ಬಲಗಡೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಬಸವನಗುಡಿಯ ಒಬ್ಬ ಡಾಕ್ಟರ ಚಿಕಿತ್ಸಾಲಯಕ್ಕೆ ಕಳಿಸಿದರು. ಅಲ್ಲಿ ಎಕ್ಸ್‌ರೇ ಕಿರಣಗಳನ್ನು ಮೈಯ ಆಳಕ್ಕೆ ಬಿಡುವ ಒಂದು ದೊಡ್ಡ ಯಂತ್ರವಿತ್ತು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಜನ ಅದನ್ನೆಲ್ಲ ಬದಿಗಿಟ್ಟು "ಕರೆಂಟು ಇಡಿಸೋದು" ಎಂದುಬಿಟ್ಟಿದ್ದರು. ವಾರಗಟ್ಟಲೆ ಪ್ರತಿದಿನ ಹೋಗಬೇಕು, ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಮೊದಲೇ ಕಟ್ಟುನಿಟ್ಟಾಗಿ ಹೇಳಿದರು. ದೊಡ್ಡಪ್ಪನಿಗೆ ತಿಳಿಯಲಿ ಎಂದು ಅವರ ಭಾಷೆಯಲ್ಲೇ ವಿವರಿಸಿದರು: "ಸಾಹುಕಾರ್ರೆ, ರೇಷ್ಮೆಗೆ ಬಣ್ಣ ಹಾಕೋವಾಗ ಅರ್ಧಕ್ಕೆ ಎತ್ತಿಟ್ರೆ ಏನಾಗುತ್ತೆ?" ದೊಡ್ಡಪ್ಪ, "ಸೀರೆನೇ ಹಾಳು" ಎಂದರು. "ಇದೂ ಹಾಗೇನೇ. ಮಧ್ಯ ನಿಲ್ಲಿಸೋ ಹಾಗಿಲ್ಲ" ಎಂದರು ಡಾಕ್ಟರು.

ಕರೆಂಟಿನ ಸುದ್ದಿ ಬೀದಿಯಲ್ಲಿ ಹಬ್ಬಿತು. ಪಕ್ಕದ ಮನೆಯ ಸುಬ್ಬಮ್ಮ ಕಾಫಿಪುಡಿ ಕಡ ಕೇಳಲು ಬಂದವರು ಹೊಸಿಲಾಚೆಯೇ ನಿಂತರು. ದೊಡ್ಡಮ್ಮನನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಅವರಿಗೆ ಯಾರೋ ಹೇಳಿದ್ದರು. ದೊಡ್ಡಮ್ಮ ಗಂಭೀರವಾಗಿ ಕೈ ಚಾಚಿ, "ನಿಮ್ಮನೇಲಿ ಉರೀದಿರೋ ಬಲ್ಬ್ ಇದ್ರೆ ತನ್ನಿ ಸುಬ್ಬಮ್ನೋರೇ, ಹಚ್ಚಿಕೊಡ್ತೀನಿ" ಎಂದರು. ಸುಬ್ಬಮ್ಮ ಕಾಫಿಪುಡಿ ಮರೆತು ಹೊರಟುಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೊಡ್ಡಮ್ಮ ಮಾತ್ರ, ಹೆದರಿಸಬಾರದಿತ್ತು ಎಂದುಕೊಂಡು, ಸಂಜೆ ಪುಡಿಯನ್ನು ನನ್ನ ಕೈಯಲ್ಲಿ ಕಳಿಸಿದರು.

ಚಿಕಿತ್ಸೆಯ ಮೊದಲ ದಿನವೇ ಒಂದು ತೊಡಕು ಬಂತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ದೊಡ್ಡಮ್ಮನ ಕೊರಳಲ್ಲಿ ಶಿವದಾರ, ಅದರ ತುದಿಗೆ ಇಷ್ಟಲಿಂಗವನ್ನಿಟ್ಟ ಬೆಳ್ಳಿಯ ಕರಡಿಗೆ, ಸರಿಯಾಗಿ ಎದೆಯ ಮೇಲೆ. ಕಿರಣ ಬೀಳುವ ಜಾಗದಲ್ಲಿ ಲೋಹ ಇರುವಂತಿಲ್ಲ. ಮೈಮೇಲಿಂದ ಲಿಂಗ ತೆಗೆದಿಡುವ ಮಾತೇ ಇಲ್ಲ. ಡಾಕ್ಟರೂ ದೊಡ್ಡಮ್ಮನೂ ಹಟ ಹಿಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಡಾಕ್ಟರು, "ಎಡಗೈಲಿ ಹಿಡ್ಕೊಳ್ಳಿ ತಾಯಿ. ದಾರಾನ ಮಣಿಕಟ್ಟಿಗೆ ಸುತ್ಕೊಂಡು ಕೈನ ಪಕ್ಕಕ್ಕೆ ಚಾಚಿ. ಪೂಜೇಲಿ ಹಿಡ್ಕೊಳ್ಳೋದೂ ಆ ಕೈಲೇ ಅಲ್ವೇ?" ಎಂದರು. ದೊಡ್ಡಮ್ಮ ಕರಡಿಗೆ ಹಿಡಿದು ಮಲಗಿದರೆ ರೆಪ್ಪೆಯೂ ಅಲ್ಲಾಡುತ್ತಿರಲಿಲ್ಲವಂತೆ. ಅಷ್ಟು ನಿಶ್ಚಲವಾಗಿ ಮಲಗುವವರನ್ನು ತಾವು ಕಂಡೇ ಇಲ್ಲ ಎಂದು ಅಲ್ಲಿನ ನರ್ಸ್ ಫಿಲೋಮಿನಾ ನನ್ನ ಹತ್ತಿರ ಹೇಳಿದ್ದರು.

ಅರ್ಧದಷ್ಟು ಚಿಕಿತ್ಸೆ ಮುಗಿಯುವ ಹೊತ್ತಿಗೆ ಊರಿಗೆ ಫ್ಲೂ ಜ್ವರ ಬಂತು. ನಾನು ಪಾಠ ಹೇಳುತ್ತಿದ್ದ ಸ್ಕೂಲಿಗೆ ರಜೆ ಕೊಟ್ಟರು. ಪೇಟೆಯಲ್ಲಿ ಮೂಟೆ ಹೊರುವವರೇ ಇಲ್ಲದೆ ಸಾಹುಕಾರರು ತಾವೇ ಗಂಟು ಎತ್ತಿ ಸೊಂಟ ಹಿಡಿದುಕೊಂಡರು. ಮನೆಮನೆಯಲ್ಲೂ ಮೆಣಸಿನ ಕಷಾಯ. ಡಾಕ್ಟರು ಮಾತ್ರ ಬೇರೆಯದೇ ಚಿಂತೆಯಲ್ಲಿದ್ದರು. ಕಿರಣ ತೆಗೆದುಕೊಳ್ಳುವವರ ಮೈಯಲ್ಲಿ ಮೊದಲೇ ಕಸುವಿರುವುದಿಲ್ಲ, ಬೇರೆಯವರು ಎದ್ದು ಓಡಾಡುವ ಜ್ವರದಲ್ಲಿ ಇವರು ಏಳದೇ ಹೋಗಬಹುದು. ಇನ್ನು ಯಂತ್ರ ನಡೆಸಬಲ್ಲವರು ಅಲ್ಲಿ ಇಬ್ಬರೇ. ಇಬ್ಬರೂ ಒಟ್ಟಿಗೆ ಮಲಗಿಬಿಟ್ಟರೆ ತುಮಕೂರು, ಕೋಲಾರದ ಕಡೆಯಿಂದ ಬಂದು ಛತ್ರಗಳಲ್ಲಿ ಉಳಿದಿದ್ದ ರೋಗಿಗಳ ಗತಿಯೇನು? ಚಿಕಿತ್ಸಾಲಯ ಮುಚ್ಚಿಬಿಡಿ ಎಂದು ಕೆಲವರು ಬುದ್ಧಿ ಹೇಳಿದರಂತೆ. ಜ್ವರ ಹೋಗುವ ತನಕ ಗಂಟು ಕಾಯುತ್ತದೆಯೇ ಎಂದು ಡಾಕ್ಟರು ಅವರನ್ನು ಗದರಿದ್ದರು.

ಅವರು ಬಾಗಿಲು ಮುಚ್ಚಲಿಲ್ಲ, ಕಟ್ಟುಪಾಡು ಮಾಡಿದರು. ಕಾಯುವ ಕೋಣೆಯ ಬೆಂಚುಗಳೆಲ್ಲ ಅಂಗಳದ ಹೊಂಗೆ ಮರದ ಕೆಳಗೆ ಬಂದವು, ಒಂದರಿಂದ ಒಂದು ದೂರದೂರ. ಒಳಗೆ ಒಂದು ಸಲಕ್ಕೆ ಒಬ್ಬರೇ ರೋಗಿ. ಜೊತೆಗೆ ಬಂದವರು ಗೇಟಿನ ಹೊರಗೆ. ಎಲ್ಲರ ಬಾಯಿ ಮೂಗಿಗೂ ಬಟ್ಟೆ. ಕೆಲಸದವರನ್ನು ಎರಡು ಗುಂಪು ಮಾಡಿ, ಒಂದು ಗುಂಪು ಬಂದ ದಿನ ಇನ್ನೊಂದು ಬರದಂತೆ, ಒಬ್ಬರ ಮುಖ ಒಬ್ಬರು ನೋಡದಂತೆ ಏರ್ಪಾಡು. ಒಬ್ಬೊಬ್ಬರು ಎದ್ದ ಮೇಲೂ ಮಂಚ ಒರೆಸುವುದು. ರೋಗಿ ಕೈಯಲ್ಲಿ ಹಿಡಿದು ತಂದದ್ದೇನಿದ್ದರೂ, ಚೀಲವಾಗಲಿ ಕನ್ನಡಕವಾಗಲಿ, ಸ್ಪಿರಿಟ್‌ನಲ್ಲಿ ಒರೆಸುವುದು.

ಈ ಕಟ್ಟುಪಾಡನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿಕೊಂಡವರು ನಮ್ಮ ದೊಡ್ಡಪ್ಪ. ಮುಖಕ್ಕೆ ಕಟ್ಟಿಕೊಳ್ಳಲು ಅಂಗಡಿಯಿಂದ ಮಲ್ ಬಟ್ಟೆಯ ದೊಡ್ಡ ಥಾನನ್ನೇ ಕಳಿಸಿದರು. ದಿನವೂ ನಮ್ಮ ಜೊತೆ ಜಟಕಾದಲ್ಲಿ ಬಂದು, ಗೇಟಿನ ಹೊರಗೆ ನಿಂತು, ಬಟ್ಟೆ ಕಟ್ಟದೆ ಬಂದವರನ್ನು ಗದರಿಸುತ್ತಿದ್ದರು. ಗದರಿಸುವ ಉತ್ಸಾಹದಲ್ಲಿ ತಮ್ಮ ಬಟ್ಟೆ ಗಡ್ಡಕ್ಕೆ ಇಳಿದದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಆಗ ದೊಡ್ಡಮ್ಮ ದೂರದ ಬೆಂಚಿನಿಂದಲೇ ತಮ್ಮ ಮೂಗು ಮುಟ್ಟಿ ಸನ್ನೆ ಮಾಡುವರು.

ಫಿಲೋಮಿನಾ ಇದ್ದಾಗ ಕರಡಿಗೆಯೊಂದನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದರು. ಒಂದು ದಿನ ಅವರು ಇರಲಿಲ್ಲ. ಅವತ್ತು ಎರಡನೇ ಗುಂಪಿನ ಸರದಿ. ಆ ಗುಂಪಿಗೆ ಹೊಸದಾಗಿ ಸೇರಿದ್ದ ನರ್ಸ್ ಹುಡುಗಿಗೆ ಕರಡಿಗೆಯ ವಿಷಯ ಯಾರೂ ಹೇಳಿರಲಿಲ್ಲ. ಹೇಳಬೇಕಾದವರ ಮುಖವನ್ನೇ ಅವಳು ನೋಡುವಂತಿರಲಿಲ್ಲವಲ್ಲ! ದೊಡ್ಡಮ್ಮನ ಕೈಯಲ್ಲಿ ಬೆಳ್ಳಿ ಡಬ್ಬಿ ಕಂಡಳು, ನಿಯಮದಂತೆ ಒರೆಸಿದಳು. ಮುಚ್ಚಳ ತೆಗೆದು ಒಳಗೂ ಒರೆಸಿದಳು. ಹೊರಗೆ ಬಂದ ದೊಡ್ಡಮ್ಮ ಜಟಕಾ ಹತ್ತುತ್ತ ನಗುತ್ತಲೇ, "ಇವತ್ತು ನಮ್ ಲಿಂಗಪ್ಪನಿಗೂ ಮೈ ಒರೆಸಿಬಿಟ್ರು ಕಣೇ" ಎಂದರು. ನನಗೆ ಹೇಳಿದ ಮಾತು ದೊಡ್ಡಪ್ಪನ ಕಿವಿಗೂ ಬಿತ್ತು.

"ಯಾತರಲ್ಲಿ ಒರೆಸಿದ್ರು?"

"ಅದೇ, ಸ್ಪಿರಿಟ್ಟು."

ದೊಡ್ಡಪ್ಪನ ಮುಖದ ಬಣ್ಣ ಬದಲಾಯಿತು. "ಸಾರಾಯಿ!" ಎಂದರು. ಮನೆಗೆ ಬಂದವರೇ ನಡುಮನೆಯಲ್ಲಿ ನಿಂತು, "ಜನ್ಮವೆಲ್ಲ ಅದನ್ನ ಮುಟ್ಬೇಡಿ ಅಂತ ಊರಿಗೆ ಹೇಳ್ಕೊಂಡು ಬಂದೋನು ನಾನು. ನನ್ನ ಹೆಂಡತಿ ಲಿಂಗಕ್ಕೇ ಅದನ್ನ ಹಚ್ಚಿದ್ರು. ಮಠದಿಂದ ಅಯ್ಯನವರು ಬಂದು ಶುದ್ಧಿ ಮಾಡೋವರೆಗೂ ನೀನು ಅಲ್ಲಿಗೆ ಹೋಗೋದು ಬೇಡ" ಎಂದರು. ದೊಡ್ಡಮ್ಮ ಒಳಗೆ ಹೋದರು. ಕೈಕಾಲು ತೊಳೆದು, ಲಿಂಗಕ್ಕೆ ನೀರೆರೆದು, ಎಂದಿನಂತೆ ಪೂಜೆ ಮಾಡಿ ಎದ್ದರು. ನನ್ನ ಕಣ್ಣಾರೆ ಕಂಡದ್ದು.

ಅಯ್ಯನವರು ಮರುದಿನವೇ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಠಕ್ಕೆ ಹೇಳಿಕಳಿಸಿದರೆ ಅವರೂ ಫ್ಲೂ ಹಿಡಿದು ಹಾಸಿಗೆ ಹಿಡಿದಿದ್ದರು. ಇವತ್ತು ಏಳುತ್ತಾರೆ, ನಾಳೆ ಏಳುತ್ತಾರೆ ಎಂದು ವಾರ ಕಳೆಯಿತು. ಆಗ ಡಾಕ್ಟರೇ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ತಮ್ಮಿಂದ ಜ್ವರ ತಗುಲೀತು ಎಂದು ಬೀದಿಯಲ್ಲೇ, ಗೇಟಿನಾಚೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತರು. ನಮ್ಮ ಅಂಗಡಿಯದೇ ಮಲ್ ಬಟ್ಟೆ. ಅಕ್ಕಪಕ್ಕದವರು ಜಗುಲಿಗಳಿಗೆ ಬಂದರು.

"ತಪ್ಪಾಯ್ತು ಸಾಹುಕಾರ್ರೆ. ಆ ಹುಡುಗಿಗೆ ಗೊತ್ತಿರ್ಲಿಲ್ಲ. ಬೇಕಿದ್ರೆ ಇನ್ಮೇಲೆ ಕರಡಿಗೇನ ಯಾರೂ ಮುಟ್ಟಲ್ಲ. ತಾಯೋರನ್ನ ಕಳಿಸಿ."

"ನಿಮ್ಮ ಮೇಲೆ ಕೋಪ ಇಲ್ಲ ಡಾಕ್ಟ್ರೇ. ಅಯ್ಯನವರು ಬಂದು ಒಂದ್ಮಾತು ಹೇಳ್ಬಿಡ್ಲಿ, ನಾನೇ ಕರ್ಕೊಂಡ್ಬರ್ತೀನಿ."

"ಕಾಯೋಕೆ ಆಗಲ್ಲ ಅಂತ ಮೊದಲೇ ಹೇಳಿದ್ನಲ್ಲ."

ನಾನು ಅಡುಗೆಮನೆಗೆ ಓಡಿದೆ. ಕಿಟಕಿಯಿಂದ ಎಲ್ಲ ಮಾತೂ ದೊಡ್ಡಮ್ಮನಿಗೆ ಕೇಳಿಸಿತ್ತು. ಡಾಕ್ಟರಿಗೆ ಕೊಡಲು ಕಾಫಿ ಸೋಸುತ್ತಿದ್ದರು. "ಲಿಂಗ ಕಟ್ಕೊಂಡೋರಿಗೆ ಸೂತಕ ಅನ್ನೋದೇ ಇಲ್ಲ. ನನ್ನ ಮದುವೆಯಾದ ವರ್ಷ ಇದನ್ನ ನಂಗೆ ಹೇಳ್ಕೊಟ್ಟೋರೇ ಇವರು" ಎಂದರು.

"ಅದನ್ನೇ ಈಗ ಬಂದು ಹೇಳಿ ದೊಡ್ಡಮ್ಮ. ಹೋಗ್ತೀನಿ ಅಂತ ಒಂದು ಮಾತು ಹೇಳಿ."

ಅವರು ಕಿಟಕಿಯ ಕಡೆ ನೋಡಿದರು. "ಬೀದಿಯೆಲ್ಲ ನಿಂತಿದೆಯಲ್ಲೇ. ಇಷ್ಟು ಜನರ ಎದುರಿಗೆ ಅವರನ್ನ ಸಣ್ಣೋರನ್ನಾಗಿ ಮಾಡ್ಲಾ?" ಎಂದು ಕಾಫಿ ಲೋಟವನ್ನು ನನ್ನ ಕೈಗೆ ಕೊಟ್ಟರು. ಡಾಕ್ಟರು ಕಾಫಿ ಕುಡಿಯಲಿಲ್ಲ. ಕುಡಿಯಬೇಕಾದರೆ ಬಟ್ಟೆ ಬಿಚ್ಚಬೇಕಿತ್ತು. ಕೈ ಮುಗಿದು ಹೊರಟುಹೋದರು.

ಅಯ್ಯನವರು ಕೊನೆಗೂ ಚೇತರಿಸಿಕೊಂಡು ಕೋಲೂರಿಕೊಂಡು ಬಂದರು. ಎಲ್ಲವನ್ನೂ ಕೇಳಿಸಿಕೊಂಡು ದೊಡ್ಡಮ್ಮನ ಕಡೆ ತಿರುಗಿದರು. "ಅವತ್ತು ನೀರೆರೆದು ಪೂಜೆ ಮಾಡಿದ್ರೇನಮ್ಮ?"

"ಮಾಡಿದೆ ಬುದ್ಧಿ."

"ಮತ್ತೆ ಆಗ್ಲೇ ಮುಗೀತಲ್ಲ. ಇದಕ್ಕೆ ನಾನ್ಯಾಕೆ ಬರ್ಬೇಕಿತ್ತು ಸಾಹುಕಾರ್ರೆ?"

ದೊಡ್ಡಪ್ಪ ಆ ಕ್ಷಣವೇ ಜಟಕಾ ತರಿಸಿದರು. ಚಪ್ಪಲಿಯನ್ನೂ ಮೆಟ್ಟಲಿಲ್ಲ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಪರೀಕ್ಷೆ ಮಾಡಿ, ಹಿಂದೆ ಕೊಟ್ಟದ್ದರ ಬಲ ಹೋಗಿದೆ, ಮೊದಲಿನಿಂದ ಶುರು ಮಾಡೋಣ ಎಂದರೆ ಚರ್ಮ ತಡೆಯುವುದಿಲ್ಲ, ಆದಷ್ಟು ಕೊಡುತ್ತೇನೆ ಎಂದರು. ಆದಷ್ಟು ಕೊಟ್ಟರು. ಆ ಚಿಕಿತ್ಸಾಲಯದಲ್ಲಿ ಜ್ವರ ಯಾವ ರೋಗಿಗೂ ತಗುಲಲಿಲ್ಲವಂತೆ. ತುಮಕೂರಿನವರು, ಕೋಲಾರದವರು ತಮ್ಮ ಪಾಲಿನದನ್ನು ಮುಗಿಸಿಕೊಂಡು ಊರಿಗೆ ಹೋದರು. ಒಂದು ದಿನವೂ ನಿಲ್ಲದ ಆ ಯಂತ್ರ ನಮ್ಮ ದೊಡ್ಡಮ್ಮನ ಪಾಲಿಗೆ ಮಾತ್ರ ನಿಂತಿತ್ತು. ಮರುವರ್ಷ ಗಂಟು ಕಂಕುಳಲ್ಲಿ ಕಾಣಿಸಿಕೊಂಡಿತು.

ದೊಡ್ಡಮ್ಮನ ಕೊನೆಯ ದಿನಗಳಲ್ಲಿ ದೊಡ್ಡಪ್ಪ ಅಂಗಡಿಗೆ ಹೋಗುವುದನ್ನೇ ಬಿಟ್ಟು ಮಂಚದ ಪಕ್ಕ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಮಗುವಿನ ಹಾಗೆ ಅಳುತ್ತ, "ಡಾಕ್ಟ್ರು ಬಂದಾಗ ನೀನಾದ್ರೂ ಹೋಗ್ತೀನಿ ಅನ್ಬಾರ್ದಿತ್ತೇನೇ?" ಎಂದರು. ದೊಡ್ಡಮ್ಮ ಅವರ ಕೈಯನ್ನು ಹಿಡಿದುಕೊಂಡು ಸಮಾಧಾನದಿಂದಲೇ ಹೇಳಿದರು: "ನೀವು ನನ್ನ ಕೇಳ್ಲಿಲ್ವಲ್ಲ."

ಎಷ್ಟೋ ವರ್ಷ ನನಗೆ ದೊಡ್ಡಪ್ಪನ ಮೇಲೆ ಸಿಟ್ಟಿತ್ತು. ಅವರು ಹೋದ ಮೇಲೆ ಆ ಸಿಟ್ಟು ದೊಡ್ಡಮ್ಮನ ಕಡೆ ತಿರುಗಿತು. ಈಗ ಅವರಿಗಿಂತ ನಾನೇ ದೊಡ್ಡವಳು. ಯಾರ ಮೇಲೂ ಸಿಟ್ಟಿಲ್ಲ. ಅಷ್ಟು ಜಾಣೆ, ಗಂಡನ ಮಾನ ಉಳಿಸಲು ಬಾಯಿ ಮುಚ್ಚಿಕೊಂಡರು. ಅಷ್ಟು ಪ್ರೀತಿಯ ಗಂಡ, ಆ ಬಾಯಿ ಏನನ್ನುತ್ತದೆ ಎಂದು ವಿಚಾರಿಸಲೇ ಇಲ್ಲ.

ಮೊನ್ನೆ ಹುಡುಗಿ ಚುಚ್ಚಿ ಮುಗಿಸಿದ ಮೇಲೆ ನನ್ನ ಮಗ ಡಾಕ್ಟರೊಂದಿಗೆ ಮಾತಾಡುತ್ತ ನಿಂತಿದ್ದ. ಒಳ್ಳೆಯ ಹುಡುಗ, ನನ್ನ ಮೇಲೆ ಪ್ರಾಣ. "ಅಮ್ಮನಿಗೆ ಇಷ್ಟು ದೂರ ಓಡಾಡೋದು ಕಷ್ಟ ಡಾಕ್ಟ್ರೇ. ಉಳಿದಿರೋ ಇಂಜೆಕ್ಷನ್ ಬಿಟ್ಬಿಡೋಣ. ಅವರಿಗೂ ಸಾಕಾಗಿದೆ" ಎನ್ನುತ್ತಿದ್ದ. ಸುತ್ತ ಜನ ಕೂತಿದ್ದರು. ಅವರೆಲ್ಲರ ಎದುರಿಗೆ ಮಗನ ಮಾತು ತೆಗೆದುಹಾಕುವುದು ಚೆನ್ನಾಗಿರುವುದಿಲ್ಲ ಎಂದು ನಾನು ಸುಮ್ಮನೇ ಕೂತಿದ್ದೆ, ಒಂದು ಗಳಿಗೆ.

"ನಂಗೇನೂ ಸಾಕಾಗಿಲ್ಲ, ಬರ್ತೀನಿ" ಎಂದೆ. ಮೇಷ್ಟ್ರಮ್ಮನ ಗಂಟಲು, ಕೊನೆಯ ಬೆಂಚಿನವರೆಗೂ ಕೇಳಿಸಿತು. ಮಗನ ಮುಖ ಸಣ್ಣಗಾಯಿತು. ಆಗಲಿ ಬಿಡಿ.