ಉಗ್ರಪ್ಪನಿಗೆ ಕಾಣದ ಮರೂನ್

ಬಿಳೇಕಹಳ್ಳಿಯ ಖಾಸಗಿ ಶಾಲೆಯೊಂದರ ಗೇಟಿನಲ್ಲಿ ಉಗ್ರಪ್ಪ ಕಾವಲಿಗೆ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿದವನು. ಹೆಸರು ಉಗ್ರಪ್ಪನಾದರೂ ಮಕ್ಕಳ ಮೇಲೆ ಅವನು ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಆರುನೂರ ನಲವತ್ತು ಮಕ್ಕಳ ಮುಖ ಅವನಿಗೆ ಗೊತ್ತು. ಯಾರು ಯಾವ ಆಟೋದಲ್ಲಿ ಬರುತ್ತಾರೆ, ಯಾರನ್ನು ಕರೆದೊಯ್ಯಲು ತಾತ ಬರುತ್ತಾರೆ, ಯಾವ ಮನೆಯಲ್ಲಿ ಅಪ್ಪ ಅಮ್ಮ ಬೇರೆಯಾಗಿದ್ದಾರೆ ಎಂಬುದೂ ಗೊತ್ತು.

ಗೊತ್ತಾಗದಿದ್ದುದು ಬಣ್ಣ. ಕೆಂಪು, ಹಸಿರು ಎರಡೂ ಅವನ ಕಣ್ಣಿಗೆ ಒಂದೇ. ಇಪ್ಪತ್ಮೂರನೇ ವಯಸ್ಸಿನಲ್ಲಿ ಬಸ್ ಡ್ರೈವರ್ ಕೆಲಸಕ್ಕೆ ಹೋಗಿದ್ದಾಗ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ತೆರೆದು, “ಇದರಲ್ಲಿ ಯಾವ ನಂಬರಿದೆ?” ಎಂದು ಕೇಳಿದ್ದರು.

“ಚುಕ್ಕಿ ಐತೆ ಸಾರ್. ನಂಬರ್ ಎಲ್ಲೈತೆ?” ಎಂದಿದ್ದ ಉಗ್ರಪ್ಪ.

ಬೆಂಚಿನ ಮೇಲೆ ಸರದಿಗೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕೆಲಸ ಸಿಗಲಿಲ್ಲ. ಆ ನಗು ಮಾತ್ರ ಕಿವಿಯಲ್ಲಿ ಉಳಿಯಿತು. ಆಮೇಲೆ ಈ ವಿಷಯವನ್ನು ಅವನು ಹೆಂಡತಿ ಈಶ್ವರಮ್ಮನೊಬ್ಬಳನ್ನು ಬಿಟ್ಟು ಇನ್ಯಾರಿಗೂ ಹೇಳಲಿಲ್ಲ. ಅಂಗಿ ಆರಿಸುವವಳು ಅವಳು, ಟೊಮ್ಯಾಟೊ ತರುವವಳೂ ಅವಳೇ. ಗೇಟಿನ ಕೆಲಸಕ್ಕೆ ಬಣ್ಣದ ಹಂಗಿರಲಿಲ್ಲವಾದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿದಿತ್ತು.

ಹೋದ ವರ್ಷ ಶಾಲೆ ಬೇರೆ ಆಡಳಿತದ ಕೈಗೆ ಹೋಯಿತು. ಆಫೀಸು ನೋಡಿಕೊಳ್ಳಲು ಮಾಧವ ಎಂಬ ಹೊಸ ಆಫೀಸರ್ ಬಂದರು. ಬಂದ ಬೇಸಿಗೆಯಲ್ಲೇ ಯೂನಿಫಾರಂ ಬದಲಾಯಿತು. ಕಡುಹಸಿರಿನ ಬಾಟಲ್ ಗ್ರೀನ್ ಹೋಗಿ ಕಡುಗೆಂಪಿನ ಮರೂನ್ ಬಂತು. ಸಿಬ್ಬಂದಿಯನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಮಾಧವ ವಿವರಿಸಿದರು: “ಇಂಗ್ಲೆಂಡಿನ ಹಳೇ ಸ್ಕೂಲ್‌ಗಳಲ್ಲಿ ಹೆಚ್ಚಾಗಿ ನಾಲ್ಕೇ ಬಣ್ಣ. ನೇವಿ ಬ್ಲೂ, ಗ್ರೇ, ಬಾಟಲ್ ಗ್ರೀನ್, ಮರೂನ್. ಅದಕ್ಕೊಂದು ಘನತೆ ಇದೆ. ನಮ್ಮ ಗ್ರೂಪಿನ ಎಲ್ಲಾ ಬ್ರಾಂಚ್‌ಗಳಲ್ಲೂ ಇನ್ಮೇಲೆ ಮರೂನ್.”

ಬಾಗಿಲ ಬಳಿ ನಿಂತಿದ್ದ ಉಗ್ರಪ್ಪ ಪಕ್ಕದಲ್ಲಿದ್ದ ಆಯಾ ಭಾಗ್ಯಜ್ಯೋತಿಗೆ ಪಿಸುಗುಟ್ಟಿದ: “ಎರಡೂ ಅಲ್ಲಿಂದಾನೇ ಬಂದಿದ್ರೆ ಇದ್ದಿದ್ದನ್ನ ಯಾಕಮ್ಮ ಬಿಚ್ಚಿಸ್ತಾರೆ?”

ಭಾಗ್ಯಜ್ಯೋತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಹಳೆಯ ಯೂನಿಫಾರಂಗೆ ಜೂನ್ ಹದಿನೈದು ಕೊನೆಯ ದಿನವೆಂದಾಯಿತು. ಹದಿನಾರರ ಬೆಳಗ್ಗೆ ಮಾಧವ ಒಂದು ರಟ್ಟನ್ನು ಗೇಟಿಗೆ ತಂದರು. ಅದರ ಮೇಲೆ ಎರಡು ತುಂಡು ಬಟ್ಟೆ ಅಂಟಿಸಿತ್ತು. “ಇದು ಹಾಕ್ಕೊಂಡ್ ಬಂದ್ರೆ ಒಳಗೆ. ಇದು ಹಾಕ್ಕೊಂಡ್ ಬಂದ್ರೆ ವಾಪಸ್ ಮನೆಗೆ. ಯಾರನ್ನೂ ಬಿಡಬೇಡಿ.”

ಉಗ್ರಪ್ಪ ರಟ್ಟನ್ನು ಹಿಡಿದು ನೋಡಿದ. ಎರಡು ತುಂಡೂ ಒದ್ದೆ ಮಣ್ಣಿನ ಹಾಗೆ ಕಂಡವು. “ಆಯ್ತು ಸಾರ್” ಎಂದುಬಿಟ್ಟ.

ಮಕ್ಕಳು ಬರತೊಡಗಿದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಬಣ್ಣ ಕಾಣದಿದ್ದರೇನು, ಬಟ್ಟೆ ಕಾಣುತ್ತದಲ್ಲ! ಹೊಸದಕ್ಕೆ ಇಸ್ತ್ರಿಯ ಮಿರುಗು ಇತ್ತು. ಹಳೆಯ ಲಂಗ, ಪ್ಯಾಂಟುಗಳ ಅಂಚಿನಲ್ಲಿ ಒಂದು ಗೆರೆ ಇತ್ತು. ಮಕ್ಕಳು ಬೆಳೆದ ಹಾಗೆ ತಾಯಂದಿರು ಮಡಿಕೆ ಬಿಚ್ಚಿ ಉದ್ದ ಮಾಡಿದ್ದರಿಂದ ಉಳಿದ ಗೆರೆ. ಗೆರೆ ಕಂಡವರನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿದ. ಒಂದೂ ತಪ್ಪಲಿಲ್ಲ. ಒಂದು ಕ್ಷಣ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಹಾಗೆ ನಿಲ್ಲಿಸಿದವರಲ್ಲಿ ನಾಲ್ಕನೇ ಕ್ಲಾಸಿನ ಲಿಖಿತಾ ಇದ್ದಳು. ಅರೆಕೆರೆಯಿಂದ ಅಜ್ಜಿ ಗೋವಿಂದಮ್ಮನ ಜೊತೆ ನಡೆದು ಬರುವ ಹುಡುಗಿ.

“ಮೂರು ವರ್ಷ ಬರ್ಲಿ ಅಂತ ಮಡಿಕೆ ಬಿಟ್ಟು ಹೊಲ್ಸಿದ್ದಪ್ಪ ಇದು. ಹರಿದಿಲ್ಲ, ಮಾಸಿಲ್ಲ. ಏನಾಗೈತೆ ಇದಕ್ಕೆ?” ಎಂದು ಗೋವಿಂದಮ್ಮ ಕೇಳಿದಳು.

ಅಷ್ಟರಲ್ಲಿ ಮರೂನ್ ತೊಟ್ಟ ಇಬ್ಬರು ಹುಡುಗಿಯರು ಒಳಗೆ ಹೋಗುತ್ತಾ ಲಿಖಿತಾಳ ಕಡೆ ತಿರುಗಿ ನಕ್ಕರು. ಲಿಖಿತಾ ಬ್ಯಾಗನ್ನು ಬೆನ್ನಿನಿಂದ ತೆಗೆದು ಲಂಗದ ಮುಂದೆ ಹಿಡಿದುಕೊಂಡಳು. ತಲೆಯೆತ್ತಲಿಲ್ಲ.

ಉಗ್ರಪ್ಪನಿಗೆ ಅಂದು ಬೆಂಚಿನ ಮೇಲಿದ್ದವರ ನಗು ಮತ್ತೆ ಕೇಳಿಸಿತು. ಈ ನಗುವಿಗೆ ಹೆದರಿ ಮೂವತ್ತು ವರ್ಷದಿಂದ ತಾನು ಅಡಗಿಸಿಟ್ಟುಕೊಂಡಿದ್ದೇನು? ಈ ಕೂಸು ಅಡಗಿಸಿಕೊಳ್ಳುವಂಥ ತಪ್ಪು ಮಾಡಿದ್ದೇನು? ರಟ್ಟನ್ನು ತನ್ನ ಕುರ್ಚಿಯ ಮೇಲೆ ಹಾಕಿ ಅದರ ಮೇಲೇ ಕೂತ.

“ಬ್ಯಾಗ್ ಬೆನ್ನಿಗೆ ಹಾಕ್ಕೊಳವ್ವ. ನಡಿ ಒಳಕ್ಕೆ. ನೀವೂ ಅಷ್ಟೇ, ಎಲ್ಲಾರೂ ನಡೀರಿ, ಬೆಲ್ ಆಗ್ತದೆ.”

“ಉಗ್ರಪ್ಪಣ್ಣ, ಸಾರ್ ಬಯ್ತಾರೆ” ಎಂದಳು ಭಾಗ್ಯಜ್ಯೋತಿ.

“ಬಯ್ಲಿ.”

ಆ ದಿನವೂ, ಮರುದಿನವೂ, ಅದರ ಮರುದಿನವೂ ಅವನು ಯಾರನ್ನೂ ತಡೆಯಲಿಲ್ಲ. ನಾಲ್ಕನೇ ದಿನ ಪ್ರಾರ್ಥನೆಯ ಹೊತ್ತಿಗೆ ಮಾಧವ ಮಹಡಿಯಿಂದ ಇಣುಕಿದರು. ಮರೂನಿನ ನಡುವೆ ಅಲ್ಲಲ್ಲಿ ಹಸಿರು, ಲೆಕ್ಕ ಹಾಕಿದರೆ ಮೂವತ್ತೊಂದು. ಉಗ್ರಪ್ಪನಿಗೆ ಆಫೀಸಿನಿಂದ ಕರೆ ಬಂತು. ಪ್ರಿನ್ಸಿಪಾಲ್ ವಾರಿಜಾ ಮೇಡಂ ಅವರೂ ಅಲ್ಲಿ ಕೂತಿದ್ದರು.

“ಏನ್ರೀ, ಕಣ್ಣು ಕಾಣಲ್ವಾ ನಿಮಗೆ?” ಎಂದು ಮಾಧವ ಗದರಿದರು.

“ಹೌದು ಸಾರ್, ಅರ್ಧ ಕಾಣಲ್ಲ” ಎಂದ ಉಗ್ರಪ್ಪ. “ಕೆಂಪು ಹಸಿರು ನಂಗೆ ಒಂದೇ. ಹುಟ್ಟಿದಾಗಿಂದ ಹಂಗೇ.”

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಯಾರೂ ನಗಲಿಲ್ಲ. ಮಾಧವ ನಂಬದೆ ಮೇಜಿನ ಮೇಲಿದ್ದ ಎರಡು ಫೈಲು ತೋರಿಸಿದರು, ಎರಡು ಪೆನ್ನು ತೋರಿಸಿದರು. ಉಗ್ರಪ್ಪ ಎರಡು ಸಲವೂ ತಪ್ಪು ಹೇಳಿದ.

“ಇಂಥ ಕಣ್ಣಿಟ್ಕೊಂಡು ಹತ್ತೊಂಬತ್ತು ವರ್ಷ ಗೇಟ್ ಕಾದ್ರಾ?”

“ಬಣ್ಣ ನೋಡಿ ಕಾದಿಲ್ಲ ಸಾರ್, ಮುಖ ನೋಡಿ ಕಾದಿದ್ದೀನಿ. ಹೋದ ಡಿಸೆಂಬರ್‌ನಾಗೆ ಯಾವನೋ ಒಬ್ಬ ಕುತ್ತಿಗೆಗೆ ಪೇರೆಂಟ್ ಕಾರ್ಡ್ ನೇತಾಕ್ಕೊಂಡು ಯುಕೆಜಿ ಮಗು ಕರ್ಕೊಂಡು ಹೋಗಕ್ಕೆ ಬಂದಿದ್ದ. ಕಾರ್ಡು ಸರಿಯಾಗೇ ಇತ್ತು, ಬಣ್ಣಾನೂ ಸರಿಯಾಗೇ ಇತ್ತಂತೆ. ಮುಖ ಅವರಪ್ಪಂದಲ್ಲ. ನಿಲ್ಲಿಸಿದ್ದು ಯಾರು, ಮೇಡಂನೇ ಕೇಳಿ.”

ವಾರಿಜಾ ಮೇಡಂ ಮೆಲ್ಲಗೆ ತಲೆಯಾಡಿಸಿದರು. ಮಾಧವರ ದನಿ ಸ್ವಲ್ಪ ಇಳಿಯಿತು. “ಸರಿ ಬಿಡಿ. ಕಣ್ಣಿನ ತೊಂದರೆಯಿಂದ ಗೊತ್ತಾಗಲಿಲ್ಲ ಅಂತ ಬರ್ಕೊಡಿ. ನಿಮ್ಮನ್ನ ಹಿಂದಿನ ಸ್ಟೋರ್ ರೂಮಿಗೆ ಹಾಕ್ತೀನಿ. ಕೆಲಸ ಉಳಿಯುತ್ತೆ.”

ತಪ್ಪಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆದರೆ ಉಗ್ರಪ್ಪ ಕದಲಲಿಲ್ಲ.

“ಗೊತ್ತಾಗದೆ ಬಿಟ್ಟಿದ್ದಲ್ಲ ಸಾರ್. ಯಾವುದು ಹಳೇ ಬಟ್ಟೆ ಅಂತ ಮಡಿಕೆ ಗೆರೆ ನೋಡಿದ್ರೇ ಗೊತ್ತಾಗ್ತದೆ. ಗೊತ್ತಿದ್ದೇ ಬಿಟ್ಟೆ. ನಾಳೆನೂ ಬಿಡ್ತೀನಿ. ನನ್ನ ಕಣ್ಣಿನ ಮೇಲೆ ಹಾಕ್ಬೇಡಿ.”

“ಹಾಗಾದ್ರೆ ನಾಳೆಯಿಂದ ಬರಬೇಡಿ.”

ಮನೆಯಲ್ಲಿ ಈಶ್ವರಮ್ಮ ಸಿಡಿದೆದ್ದಳು. ಕೆಲಸ ಹೋಗಿದ್ದಕ್ಕಲ್ಲ. “ಮೂವತ್ತು ವರ್ಷ ಬಾಯಿ ಮುಚ್ಕೊಂಡು ನಿನ್ನ ಗುಟ್ಟು ಕಾಪಾಡಿದೀನಿ. ನನ್ನ ತಂಗೀಗೂ ಹೇಳಿಲ್ಲ. ನೀನು ಹೋಗಿ ಆಫೀಸ್ನಾಗೆ ಊದ್ಬಿಟ್ಟು ಬಂದ್ಯಾ?” ಎಂದು ರೇಗಿದಳು. ಆಮೇಲೆ ಅನ್ನ ಬಡಿಸುತ್ತಾ, “ಆ ಹಳೇ ಲಂಗದ ಮಗು ಒಳಗೆ ಹೋಯ್ತಾ?” ಎಂದು ಕೇಳಿದಳು. ಹೋಯಿತೆಂದಾಗ ಇನ್ನೊಂದು ಸೌಟು ಸಾರು ಹಾಕಿದಳು.

ಮರುದಿನ ಗೇಟಿನಲ್ಲಿ ಏಜೆನ್ಸಿಯ ಹೊಸ ಗಾರ್ಡ್ ನಿಂತಿದ್ದ. ಮೂವತ್ತೊಂದು ಮಕ್ಕಳೂ ಹೊರಗುಳಿದರು. ಗೋವಿಂದಮ್ಮ ವಾಪಸ್ಸು ಹೋಗಲಿಲ್ಲ. ಗೇಟಿನೆದುರಿನ ಕಲ್ಲುಚಪ್ಪಡಿಯ ಮೇಲೆ ಮೊಮ್ಮಗಳನ್ನು ಕೂರಿಸಿ ತಾನೂ ಕೂತಳು. “ಉಗ್ರಪ್ಪ ಎಲ್ಲಿ?” ಎಂದು ವಿಚಾರಿಸಿದ ತಾಯಂದಿರಿಗೆಲ್ಲ ಭಾಗ್ಯಜ್ಯೋತಿ ನಡೆದದ್ದನ್ನು ಬಿಡಿಸಿ ಹೇಳಿದಳು. ಡಿಸೆಂಬರಿನಲ್ಲಿ ಉಗ್ರಪ್ಪ ಉಳಿಸಿದ್ದ ಮಗುವಿನ ತಾಯಿ ಶಾಂತಲಾ ಅದನ್ನು ಕೇಳಿ ಅಲ್ಲೇ ನಿಂತರು. ಮಗುವನ್ನು ಒಳಗೆ ಕಳಿಸಲಿಲ್ಲ. “ಅವರಿಲ್ಲದ ಗೇಟಿಗೆ ನನ್ನ ಮಗೂನ ನಾನು ಬಿಡಲ್ಲ” ಎಂದುಬಿಟ್ಟರು. ಅವರ ಮಗು ಹೊಸ ಮರೂನ್‌ನಲ್ಲೇ ಇತ್ತು. ಒಂಬತ್ತು ಗಂಟೆಯ ಹೊತ್ತಿಗೆ ಅವರ ಹಿಂದೆ ನಲವತ್ತು ಜನ ನಿಂತಿದ್ದರು.

ಶನಿವಾರ ವಾರಿಜಾ ಮೇಡಂ ಅವರೇ ಫೋನ್ ಮಾಡಿದರು. ಹಳೆಯ ಯೂನಿಫಾರಂ ಹರಿಯುವವರೆಗೆ ಹಾಕಬಹುದೆಂದು ತೀರ್ಮಾನವಾಗಿತ್ತು. ಉಗ್ರಪ್ಪ ಸೋಮವಾರ ಗೇಟಿಗೆ ಬರಬಹುದು, ಆದರೆ ಒಂದು ಕಾಗದಕ್ಕೆ ಸಹಿ ಹಾಕಬೇಕು.

ಸೋಮವಾರ ಮೇಡಂ ಕಾಗದ ಮುಂದಿಟ್ಟರು. ಉಗ್ರಪ್ಪ ನಿಧಾನವಾಗಿ ಓದಿದ. ‘ನಾನು ತಿಳಿಯದೆ ಆದೇಶ ಮೀರಿರುತ್ತೇನೆ’ ಎಂದಿತ್ತು. ಅವನು ಪೆನ್ನು ತೆಗೆದುಕೊಂಡು ‘ತಿಳಿಯದೆ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ತಿಳಿದೇ’ ಎಂದು ಬರೆದು, ಕೆಳಗೆ ಸಹಿ ಹಾಕಿದ.

ಮೇಡಂ ಅದನ್ನು ಎರಡು ಸಲ ಓದಿದರು. “ಮಾಧವ ಅವರು ಇದನ್ನ ಒಪ್ತಾರೋ ಇಲ್ವೋ ಉಗ್ರಪ್ಪ.”

“ಅವರು ಒಪ್ಪೋವರ್ಗೂ ಗೇಟ್ನಾಗಿರ್ತೀನಿ ಮೇಡಂ” ಎಂದು ಅವನು ಟೋಪಿ ಹಾಕಿಕೊಂಡು ಹೊರಟ. ಆಗಲೇ ಮೊದಲ ಆಟೋ ಬಂದು ನಿಂತಿತ್ತು.