ನನ್ನ ತಂಗಿಯ ಗಂಡ ಬೋಟು ಕೊಂಡದ್ದು

ನನ್ನ ತಂಗಿ ದ್ವಾರಕಾಳ ಗಂಡ ದಿಗಂಬರ ತನ್ನ ಜೀವಮಾನದಲ್ಲಿ ಹೊಸದಾಗಿ ಕೊಂಡ ವಸ್ತು ಒಂದೇ ಒಂದು, ಮದುವೆಯ ಕೋಟು. ಉಳಿದದ್ದೆಲ್ಲ ಯಾರೋ ಬಳಸಿ ಬೇಸತ್ತು ಬಿಟ್ಟದ್ದು. ಬಡವನೇನಲ್ಲ. ಸೊಲ್ಲಾಪುರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಶಾಖಾಧಿಕಾರಿ, ಸ್ವಂತ ಮನೆ, ಇಬ್ಬರು ಮಕ್ಕಳು. ಹೊಸ ವಸ್ತು ಕೊಳ್ಳುವವರು ದಡ್ಡರು, ಹಳೆಯದನ್ನು ಆರಿಸಿ ತರುವುದಕ್ಕೆ ತಲೆ ಬೇಕು ಎಂದು ಅವನ ನಂಬಿಕೆ. ಆ ತಲೆ ತನಗಿದೆ ಎಂಬುದು ಅದಕ್ಕಿಂತ ದೊಡ್ಡ ನಂಬಿಕೆ.

ಹೀಗೆ ಆ ಮನೆಗೆ ಒಂದು ಫ್ರಿಜ್ಜು ಬಂತು. ಬಾಗಿಲಿಗೆ ಕುರ್ಚಿ ಒತ್ತಿಟ್ಟರೆ ಮಾತ್ರ ಅದು ಮುಚ್ಚಿಕೊಳ್ಳುತ್ತಿತ್ತು. ಒಂದು ಜೀಪು ಬಂತು. ಚಳಿಗಾಲದ ಬೆಳಿಗ್ಗೆ ಅದನ್ನು ಶುರು ಮಾಡಲು ಓಣಿಯ ಅರ್ಧ ಜನ ಬಂದು ನೂಕಬೇಕಿತ್ತು. ಗೋಡೆಗೆ ಒಂದು ಗಡಿಯಾರ ಬಂತು. ತಾಸಿಗೊಮ್ಮೆ ತಪ್ಪದೆ ಬಾರಿಸುತ್ತಿತ್ತು, ಯಾವ ತಾಸು ಎಂಬುದು ಮಾತ್ರ ಅದಕ್ಕೂ ಗೊತ್ತಿರಲಿಲ್ಲ. ದ್ವಾರಕಾ ಇದೆಲ್ಲದರ ನಡುವೆ ಹನ್ನೊಂದು ವರ್ಷ ಸಂಸಾರ ಮಾಡಿದ್ದಳು.

ದಿಗಂಬರನ ಪರೀಕ್ಷೆಯ ರೀತಿಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲು ವಸ್ತುವಿನ ಹೊಳಪಿನಲ್ಲಿ ತನ್ನ ಮುಖ ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಾನೆ. ಗಾಡಿಯಾದರೆ ಹಾರ್ನ್ ಹೊಡೆಯುತ್ತಾನೆ. ಆಮೇಲೆ ಸೀಟಿನ ಮೇಲೆ ಕೂತು ನಾಲ್ಕು ಸಲ ಮೇಲೆ ಕೆಳಗೆ ಕುಣಿಯುತ್ತಾನೆ. ಅಷ್ಟಕ್ಕೆ ಮುಗಿಯಿತು. "ಕಂಡೀಷನ್ ಏಕದಂ ಬೆಣ್ಣಿ" ಎಂದು ತೀರ್ಪು ಕೊಟ್ಟುಬಿಡುತ್ತಾನೆ. ನನ್ನ ಹೊಟ್ಟೆಪಾಡೇ ಇದು. ನಾನು ವಿಮೆ ಕಂಪನಿಗಳ ಪರವಾಗಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವರದಿ ಬರೆಯುವವನು. ಇಪ್ಪತ್ತು ವರ್ಷ ಆ ಕೆಲಸ ಮಾಡಿದವನನ್ನು ಮನೆಯಲ್ಲೇ ಇಟ್ಟುಕೊಂಡು ದಿಗಂಬರ ಒಂದು ದಿನವೂ ನನ್ನ ಅಭಿಪ್ರಾಯ ಕೇಳಿದವನಲ್ಲ. ಅವನನ್ನು ಕಂಡರೆ ನನಗೆ ಅಸಹ್ಯವಾಗುತ್ತಿತ್ತು. ಮುಚ್ಚಿಡುವುದಕ್ಕೇನಿದೆ.

ತೊಂಬತ್ತಾರನೇ ಇಸವಿಯಲ್ಲಿ ಓಣಿಗೆ ಕೇಬಲ್ ಟೀವಿ ಬಂತು. ಒಂದು ಸಂಜೆ ಅದರಲ್ಲಿ ಪರದೇಶದ ಒಂದು ಕುಟುಂಬ ಸರೋವರದಲ್ಲಿ ಮೋಟಾರು ಬೋಟು ಓಡಿಸುತ್ತಿತ್ತು. ಹೆಂಡತಿ ಮಕ್ಕಳು ಬೋಟಿನಲ್ಲಿ ಕೂತು ನಗುತ್ತಿದ್ದರು, ಗಂಡ ಹಿಂದೆ ಒಂದು ಹಲಗೆಯ ಮೇಲೆ ನಿಂತು, ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ನೀರಿನ ಮೇಲೆ ಹಾರುತ್ತಿದ್ದ. ದಿಗಂಬರ ಊಟದ ತಾಟು ಮುಂದಿಟ್ಟುಕೊಂಡು ಬಾಯಿ ತೆರೆದು ನೋಡಿದ. ನಲವತ್ತೆರಡು ವರ್ಷದ, ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಹೊಡೆಸಿಕೊಂಡ, ಬಾವಿಗೂ ಇಳಿಯದ ಈ ಮನುಷ್ಯ ಆ ಹಲಗೆಯ ಮೇಲೆ ತನ್ನನ್ನೇ ಕಂಡ.

ಅಂಥ ಬೋಟು ಸೊಲ್ಲಾಪುರದಲ್ಲಿ ಎಲ್ಲಿ ಸಿಗಬೇಕು? ಆದರೆ ದಿಗಂಬರನಂಥವರಿಗಾಗಿ ಅತುಲನಂಥವರು ಇರುತ್ತಾರೆ. ಅತುಲ ಊರ ಹೊರಗೆ ಹಳೆಯ ಜೀಪು, ಟ್ರ್ಯಾಕ್ಟರ್ ಮಾರುವವನು. ದಿಗಂಬರನಿಗೆ ಆ ಜೀಪು ದಾಟಿಸಿದವನೂ ಅವನೇ. ಎಲ್ಲೋ ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಗಿಲು ಮುಚ್ಚಿದ ಒಂದು ಹೋಟೆಲಿನವರ ಸಾಮಾನಿನ ಜೊತೆ ಅವನಿಗೊಂದು ಫೈಬರ್ ಬೋಟು ಸಿಕ್ಕಿತ್ತು. ಎರಡು ಚಕ್ರದ ಟ್ರೇಲರ್ ಮೇಲೆ ಅದನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದ. ಮೂರು ವರ್ಷದಿಂದ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ದಿಗಂಬರ ವಿಚಾರಿಸಿದ್ದೇ ತಡ, ಕೋಳಿ ಹೋಗಿ ಬಣ್ಣ ಬಂತು.

ನೋಡಲು ಹೋಗುವ ಹಿಂದಿನ ದಿನ ದ್ವಾರಕಾ ನನ್ನನ್ನು ಅಡುಗೆಮನೆಗೆ ಕರೆದಳು.

"ಅಣ್ಣಾ, ನೀ ಜೋಡಿ ಹೋಗು," ಅಂದಳು. "ಫ್ರಿಜ್ಜ ಕೆಟ್ರ ಹಾಲ ಒಡೀತದ, ಅಷ್ಟ. ಇದು ನೀರಾಗ ಹೋಗೂದು. ಅಮೇಯ, ಗಾರ್ಗಿ ಕೂಡ್ತಾವ ಅದ್ರಾಗ. ನಮ್ಮ ಮನ್ಯಾಗ ಒಬ್ರಿಗೂ ಈಸಾಕ ಬರೂದಿಲ್ಲ. ನೀ ನೋಡಿ ಹೂಂ ಅಂದ್ರ ನಾ ಸುಮ್ನ ಇರ್ತೀನಿ."

ಅಮೇಯನಿಗೆ ಏಳು, ಗಾರ್ಗಿಗೆ ನಾಲ್ಕು. ನಾನು ಹೋದೆ.

ಅತುಲ ನಮಗೆ ಚಹ ತರಿಸಿದ. ದಿಗಂಬರ ಬೋಟಿನ ಸುತ್ತ ಒಂದು ಸುತ್ತು ಹಾಕಿ ಮುಖ ನೋಡಿಕೊಂಡ. ಹಾರ್ನ್ ಹೊಡೆದ, ಬೋಟಿಗೂ ಹಾರ್ನ್ ಇತ್ತು, ಅತುಲ ಅಷ್ಟನ್ನು ಮೊದಲೇ ಸರಿಮಾಡಿಟ್ಟಿದ್ದ. ಸೀಟಿನ ಮೇಲೆ ಕುಣಿದ. ಇಂಜಿನ್ ಗುಡುಗುಡು ಅಂದಿತು. ತಳವನ್ನು ಬಗ್ಗಿ ನೋಡಲಿಲ್ಲ. ನೀರಿನಲ್ಲಿ ಒಮ್ಮೆ ಇಳಿಸಿ ತೋರಿಸು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅತುಲ ತೇಲುವ ಜಾಕೆಟ್ ಎರಡು ತಂದುಕೊಟ್ಟ, ಎರಡೂ ದೊಡ್ಡವರ ಅಳತೆಯವು.

"ಮಕ್ಕಳಿಗಿ ದೊಡ್ಡೂ ಆಗ್ತಾವಲ್ರಿ," ಅಂದೆ.

"ಬೆಳೀತಾವಲ್ರಿ ಭಾವಾರ," ಅಂದ ದಿಗಂಬರ. "ಸಾಲಿ ಯೂನಿಫಾರ್ಮ್ ಎರಡು ಬೆರಳ ಜಾಸ್ತಿ ಇಟ್ಟು ಹೊಲಿಸೂದಿಲ್ಲೇನು? ಹಂಗ. ಮುಂದ ಬರೋಬ್ಬರಿ ಆಗ್ತದ."

ನಾನು ಬೋಟಿನ ಮೂತಿಯ ಹತ್ತಿರ ಹೋದೆ. ಗಾಡಿಯ ಮೈಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವುದು ನನ್ನ ಕೆಲಸದ ರೂಢಿ. ಒಳ್ಳೆಯ ಜಾಗ ಗಟ್ಟಿಯಾಗಿ ಸದ್ದು ಮಾಡುತ್ತದೆ, ಪುಟ್ಟಿ ಮೆತ್ತಿ ಮುಚ್ಚಿದ ಜಾಗ ಡಬ್ ಅನ್ನುತ್ತದೆ. ಮೂತಿಯ ಎಡಬದಿಗೆ, ತಾಟಿನಷ್ಟು ಅಗಲ, ಡಬ್ ಅಂದಿತು. ಹೆಬ್ಬೆರಳಿನಿಂದ ಒತ್ತಿದೆ. ಬಣ್ಣದ ಕೆಳಗೆ ಏನೋ ತಗ್ಗಿತು. ಅಲ್ಲಿ ದೊಡ್ಡ ತೂತಿದೆ, ಅದಕ್ಕೆ ತೇಪೆ ಹಾಕಿ ಬಣ್ಣ ಬಳಿದಿದ್ದಾರೆ, ನೀರಿನ ಹೊಡೆತಕ್ಕೆ ಅದು ಅರ್ಧ ತಾಸೂ ನಿಲ್ಲುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ದಿಗಂಬರ ಅತುಲನಿಗೆ ಕಣ್ಣು ಹೊಡೆದ. "ನಮ್ಮ ಭಾವಾರು ಯಾವಾಗ್ಲೂ ಮುರದ ಗಾಡೀನೇ ನೋಡಿದವ್ರು. ಛಲೋ ಗಾಡಿ ಮುಂದ ನಿಂತ್ರ ಅವರಿಗಿ ತಿಳಿಯೂದಿಲ್ಲ. ಸ್ವಂತಕ್ಕ ಇನ್ನೂ ಸೈಕಲ್ ಮ್ಯಾಲೇ ಅದಾರ ನೋಡ್ರಿ."

ಇಬ್ಬರೂ ನಕ್ಕರು. ಚಹ ತಂದವನೂ ನಕ್ಕ. ನಾನು ತೆರೆದ ಬಾಯಿ ಮುಚ್ಚಿದೆ.

ಆಗಲೇ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ಇಲ್ಲಿ ಹೇಳಿದರೆ ಏನು ಬಂತು? ಬೇರೆ ಬೋಟು ಹುಡುಕುತ್ತಾನೆ, ಅದೂ ತನ್ನ ಜಾಣತನ ಎನ್ನುತ್ತಾನೆ. ಹೇಳಿದರೆ ನೀರಿಗೆ ಇಳಿಸುವ ಹೊತ್ತಿಗೆ, ಹೊಳೆಯ ದಂಡೆಯ ಮೇಲೆ, ಊರ ಜನ ಸೇರಿದಾಗ ಹೇಳಬೇಕು. ಮೂತಿಗೆ ಬೆರಳಿಟ್ಟು ತೋರಿಸಬೇಕು. ಹನ್ನೊಂದು ವರ್ಷದ್ದು ಒಂದೇ ಸಲಕ್ಕೆ ತೀರಬೇಕು.

ಮನೆಗೆ ಬಂದಾಗ ದ್ವಾರಕಾ ಚಹ ಕೊಟ್ಟು, ಹೆಂಗ ಅದ ಅಣ್ಣಾ, ಅಂದಳು.

"ನಿನ್ನ ಗಂಡನ್ನ ಕೇಳು, ಅಂವ ಜಾಣ," ಅಂದು ಚಹ ಕುಡಿದೆ.

ದಿಗಂಬರ ಬೋಟು ಕೊಂಡೇಬಿಟ್ಟ. ಅದನ್ನು ಇಳಿಸುವುದು ಭಂಡಾರಕವಠೆಯಲ್ಲಿ ಎಂದು ಗೊತ್ತಾಯಿತು. ಅಲ್ಲಿ ಸಾಯಬಣ್ಣ ಎಂಬ ರೈತ, ದಿಗಂಬರನ ಬ್ಯಾಂಕಿನ ಗಿರಾಕಿ. ಅವನ ಹೊಲ ಭೀಮಾ ಹೊಳೆಯ ದಂಡೆಗೇ ಇತ್ತು. ಸೊಲ್ಲಾಪುರದಿಂದ ಅಲ್ಲಿಗೆ ನೆಟ್ಟಗೆ ಹೋಗಬಹುದು. ದಿಗಂಬರ ಮಾತ್ರ ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋಗಿ, ಪೂಜೆ ಮಾಡಿಸಿಕೊಂಡೇ ಹೋಗುವುದು ಎಂದ. ನಮ್ಮ ಕಡೆ ಯಾವ ಗಾಡಿ ಕೊಂಡರೂ ಮೊದಲು ಅಕ್ಕಲಕೋಟೆಗೆ ಒಯ್ಯುವವರು ಬಹಳ. ಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು ಬರುತ್ತಾರೆ. ದಿಗಂಬರನ ಮನೆತನದಲ್ಲಿ ಇನ್ನೊಂದು ಪದ್ಧತಿ ಇತ್ತು: ಕಾಯಿಯನ್ನು ಕಲ್ಲಿಗೆ ಒಡೆಯಬಾರದು, ಗಾಡಿಯ ಮೈಗೇ ಒಡೆಯಬೇಕು. ಅವನ ಅಜ್ಜ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿಗೆ ಒಡೆದಿದ್ದ. ಅಪ್ಪ ಲಾರಿಯ ಬಂಪರಿಗೆ ಒಡೆದಿದ್ದ. ಇವನು ಜೀಪಿಗೆ ಒಡೆದಿದ್ದ.

ದೀಪಾವಳಿ ಕಳೆದು ಬಂದ ಗುರುವಾರ, ರಜೆ ಇದ್ದ ದಿನ, ಹೊರಟೆವು. ಹಿಂದೆ ಬೋಟು ಎಳೆದುಕೊಂಡು ಜೀಪು ಏದುಸಿರು ಬಿಡುತ್ತ ಅಕ್ಕಲಕೋಟೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಮಕ್ಕಳು ಆ ಜಾಕೆಟ್‌ಗಳನ್ನು ಮನೆಯಿಂದಲೇ ಹಾಕಿಕೊಂಡು ಬಂದಿದ್ದರು. ಗಾರ್ಗಿ ಕೈ ಮೇಲೆತ್ತಿದರೆ ಇಡೀ ಹುಡುಗಿ ಅದರ ಕೆಳಗಿಂದ ಜಾರಿ ಹೊರಬರುತ್ತಿದ್ದಳು. ಅದನ್ನು ಆಟ ಮಾಡಿಕೊಂಡು ಎರಡೂ ನಗುತ್ತಿದ್ದವು.

ದೇವಸ್ಥಾನದ ಹೊರಗೆ ಸಾಯಬಣ್ಣ ತನ್ನ ಹೆಂಡತಿ ಲಕ್ಷ್ಮೀಬಾಯಿಯ ಜೊತೆ ದರ್ಶನ ಮುಗಿಸಿ ಕಾದಿದ್ದ. ಬೋಟಿನ ಮೂತಿಯಿಂದ ಹಿಂಬದಿಯವರೆಗೆ ಒಮ್ಮೆ ಕಣ್ಣಾಡಿಸಿದ.

"ಸಾಹೇಬ್ರ, ಹೊಳಿ ಇನ್ನೂ ಇಳಿದಿಲ್ರಿ," ಅಂದ. "ನಡುವ ಸೆಳವು ಜೋರ ಅದ. ಸಣ್ಣ ಮಕ್ಕಳ್ನ ಒಯ್ಯೂದು ಬ್ಯಾಡಾಗಿತ್ತು."

"ಇದು ಫ್ಯಾಮಿಲಿ ಬೋಟ್ ಅದ, ಸಾಯಬಣ್ಣಾ," ಅಂದ ದಿಗಂಬರ. "ಮಕ್ಕಳು ಮೊದಲ ಕೂಡಬೇಕು. ಅದೇ ಅದ್ರ ಮಜಾ." ಆಮೇಲೆ ನನ್ನ ಕಡೆ ತಿರುಗಿದ. "ಭಾವಾರ, ಇಲ್ಲಿಂದ ಇವರಿಬ್ರೂ ಜೀಪಿನ್ಯಾಗ ಬರ್ತಾರ. ಜಾಗಾ ಸಾಲೂದಿಲ್ಲ. ನೀವು ಎಸ್ಟಿ ಬಸ್ಸಿಗೆ ಬಂದ್ಬಿಡ್ರಿ."

ನಾನು ಆಗಲಿ ಅಂದೆ. ಬೇಜಾರೂ ಆಗಲಿಲ್ಲ. ಎಸ್ಟಿಯಿಂದ ಇಳಿದು ದಂಡೆಗೆ ನಡೆದು ಬರುವುದು, ಜನರನ್ನು ಸರಿಸಿ ಬೋಟಿನ ಮೂತಿಯ ಮುಂದೆ ನಿಲ್ಲುವುದು, ಎಲ್ಲವನ್ನೂ ಮನಸ್ಸಿನಲ್ಲೇ ಆಡಿ ನೋಡಿಕೊಳ್ಳುತ್ತಿದ್ದೆ.

ಪೂಜೆ ನಡೆಯಿತು. ದ್ವಾರಕಾ ಅರಿಷಿಣ ಕುಂಕುಮ ಹಚ್ಚಿದಳು, ಆರತಿ ಬೆಳಗಿದಳು. ಸಾಯಬಣ್ಣ ರಸ್ತೆಯ ಬದಿಯ ಕಲ್ಲು ತೋರಿಸಿ ಕಾಯಿ ಅಲ್ಲಿ ಒಡೀರಿ ಅಂದ. ದಿಗಂಬರ ಕೇಳಲಿಲ್ಲ. ತೋಳು ಏರಿಸಿಕೊಂಡು, ಕಾಯಿಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ, ಬೋಟಿನ ಮೂತಿಗೆ ಅಪ್ಪಳಿಸಿದ.

ಕಾಯಿ ಒಡೆಯಲಿಲ್ಲ. ಬೋಟು ಒಡೆಯಿತು.

ಡಬ್ ಅಂದ ಆ ಜಾಗವೇ ಪೂರ್ತಿ ಒಳಗೆ ಕುಸಿದು, ಕಾಯಿ ಅದರ ಹಿಂದೆಯೇ ಒಳಗೆ ಬಿದ್ದು, ಬೋಟಿನ ತಳದಲ್ಲಿ ಗಡಗಡ ಉರುಳಿತು. ಸಾಯಬಣ್ಣ ತೂತಿನಲ್ಲಿ ಕೈ ಹಾಕಿ ಪುಟ್ಟಿ ಮೆತ್ತಿದ ಒಂದು ಟವೆಲ್ಲು ಎಳೆದು ತೆಗೆದ. ಆಮೇಲೆ ಇನ್ನೊಂದು. ನಮ್ಮ ಸೊಲ್ಲಾಪುರದ ಟವೆಲ್ಲುಗಳೇ, ಅಂಚಿನ ಗೆರೆ ಇನ್ನೂ ಕಾಣುತ್ತಿತ್ತು. ತೂತಿನಲ್ಲಿ ಗಾರ್ಗಿಯ ತಲೆ ತೂರುವಷ್ಟು ಜಾಗವಿತ್ತು. ಅವಳು ತೂರಿಸಿಯೂ ನೋಡಿದಳು. ದ್ವಾರಕಾ ರೆಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

ಸುತ್ತ ಜನ ಸೇರಿದರು. ದಿಗಂಬರನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಆ ಹೊತ್ತಿನಲ್ಲೂ ಅವನ ಬಾಯಿಂದ ಮೊದಲು ಬಂದ ಮಾತು, "ಕಾಯಿ ಭಾಳ ಗಟ್ಟಿ ಇತ್ತು," ಎಂದು.

ನಾನು ತಡೆಯಲಾರದೆ ನಕ್ಕುಬಿಟ್ಟೆ. ಹೊಳೆಯ ದಂಡೆ ಅಲ್ಲದಿದ್ದರೇನು, ಜನ ಇದ್ದರು. ಮುಂದೆ ಬಂದು, ಎಲ್ಲರಿಗೂ ಕೇಳುವಂತೆ, "ನನಗ ಅವತ್ತ ಗೊತ್ತಿತ್ತು," ಅಂದೆ. "ಬೆರಳಿನಿಂದ ಬಡದ ಕೂಡ್ಲೇ ತಿಳೀತು. ತೂತು ಎಲ್ಲಿ ಅದ, ಎಷ್ಟ ದೊಡ್ಡದು ಅದ, ಎಲ್ಲಾ. ಮುರದ ಗಾಡಿ ನೋಡಾವ ನಾನು!"

ಯಾರೂ ನಗಲಿಲ್ಲ. ದಿಗಂಬರ ನನ್ನನ್ನೇ ನೋಡಿದ. ಸಿಟ್ಟು ಮಾಡುತ್ತಾನೆ ಅಂದುಕೊಂಡೆ, ಮಾಡಲಿಲ್ಲ.

"ಗೊತ್ತಿತ್ತೇನ್ರಿ ಭಾವಾರ?" ಅಂದ. "ನನಗ ಗೊತ್ತಿರಲಿಲ್ರಿ." ಬಗ್ಗಿ ಎರಡೂ ಮಕ್ಕಳನ್ನು ಎತ್ತಿಕೊಂಡ. ಎತ್ತಿಕೊಂಡವನು ಮತ್ತೆ ಕೆಳಗೆ ಬಿಡಲಿಲ್ಲ.

ದ್ವಾರಕಾ ಆರತಿಯ ತಾಟನ್ನು ಲಕ್ಷ್ಮೀಬಾಯಿಯ ಕೈಗೆ ಕೊಟ್ಟು ನನ್ನ ಮುಂದೆ ಬಂದು ನಿಂತಳು.

"ಯಾವಾಗ ಹೇಳಾವ ಇದ್ದಿ?"

"ಹೊಳೀ ದಂಡಿಗಿ. ನೀರಿಗಿ ಇಳಿಸೂಕಿಂತ ಮೊದಲ. ಹೇಳೇ ಹೇಳ್ತಿದ್ದೆ ದ್ವಾರಕಾ."

"ನೀ ಎಸ್ಟಿಗೆ ಬರಾವ ಇದ್ದಿ," ಅಂದಳು. "ನಾವು ನಿನ್ನ ಕಾಯ್ಕೋತ ಕೂಡ್ತಿದ್ದೇವೇನು? ನೀ ಚಹಾ ಕುಡದು ಸುಮ್ನ ಹೋದಿ. ಅಣ್ಣ ನೋಡ್ಯಾನ, ಏನರ ಇದ್ದಿದ್ರ ಹೇಳ್ತಿದ್ದ ಅಂತ ನಾ ನನ್ನ ಕೈಯಾರೆ ಮಕ್ಕಳಿಗಿ ಆ ಜಾಕೀಟ ಹಾಕಿ ಕರ್ಕೊಂಡ ಬಂದೀನಿ."

ನಾನು ಏನೋ ಹೇಳಲು ಹೋದೆ. ಅವಳು ಕೇಳಲಿಲ್ಲ. ಸಾಯಬಣ್ಣ ಮತ್ತು ದಿಗಂಬರ ಬೋಟನ್ನು ಜೀಪಿನಿಂದ ಬಿಚ್ಚಿ ಬೇಲಿಯ ಪಕ್ಕಕ್ಕೆ ನೂಕಿದರು. ಭಂಡಾರಕವಠೆಯಲ್ಲಿ ಅಡುಗೆ ಆಗಿದೆ, ಊಟಕ್ಕಾದರೂ ಬರ್ರಿ ಎಂದು ಲಕ್ಷ್ಮೀಬಾಯಿ ಒತ್ತಾಯ ಮಾಡಿದಳು. ಎಲ್ಲರೂ ಹತ್ತಿದರು. ಗಾರ್ಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡರೆ ಹಿಂದಿನ ಸೀಟಿನಲ್ಲಿ ನನಗೂ ಜಾಗವಿತ್ತು. ನಾನು ಹತ್ತಲು ಕಾಲು ಎತ್ತಿದೆ.

"ನೀ ಎಸ್ಟಿಗೇ ಬಾ," ಅಂದಳು ದ್ವಾರಕಾ.

ಜೀಪು ಹೋದ ಮೇಲೆ ಬಸ್ ನಿಲ್ದಾಣಕ್ಕೆ ನಡೆದೆ. ದಾರಿಯುದ್ದಕ್ಕೂ ದಿಗಂಬರನನ್ನು ಬೈಯುವುದಕ್ಕೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಬೇಕಾದಷ್ಟು ಸಿಕ್ಕಿತು, ಯಾವುದೂ ಹಿಡಿಸಲಿಲ್ಲ. ಬಸ್ಸುಗಳ ವೇಳೆ ನೋಡುವ ಕಂಟ್ರೋಲರ್ ಕಿಟಕಿಯ ಹಿಂದೆ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಭಂಡಾರಕವಠೆಯ ಕಡೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಆ ಮಾತನ್ನು ನಾನು ಅಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ.

"ಅದು ಹೋಗಿ ತಾಸ ಮ್ಯಾಲಾತಲ್ರಿ," ಅಂದ. "ಇನ್ನ ಸಂಜೀಗೇ."