ಮಗು ಹೇಳಿದ ದಿನ

ಎಸ್ಟೇಟಿನ ಮೇಸ್ತ್ರಿಗೆ ಜೈಲಾದ ವಾರ, ಊರಿನ ನಾಲ್ಕು ಜನ ದೊಡ್ಡವರು ಶಾಲು ಹಿಡಿದು ನನ್ನ ಮನೆಗೆ ಬಂದರು. ಧೈರ್ಯವಾಗಿ ಸಾಕ್ಷಿ ಹೇಳಿದ ಅಂಗನವಾಡಿ ಟೀಚರಿಗೆ ಸನ್ಮಾನವಂತೆ. ಥೂ, ಇವರ ಮುಖಕ್ಕಿಷ್ಟು! ಎರಡು ವರ್ಷದ ಕೆಳಗೆ ಇದೇ ನಾಲ್ವರು ಇದೇ ಜಗಲಿಯಲ್ಲಿ ಕುಳಿತು, ನಾನೇ ಕೊಟ್ಟ ಕಾಫಿ ಹೀರುತ್ತಾ, ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಬುದ್ಧಿ ಹೇಳಿದ್ದರು. ಶಾಲನ್ನು ನಿಮ್ಮ ಮೇಸ್ತ್ರಿಗೇ ಹೊದಿಸಿ, ಜೈಲಿನಲ್ಲಿ ಚಳಿ ಇರುತ್ತದೆ ಎಂದು ಕಳಿಸಿದೆ.

ಮಗುವಿಗೆ ಆಗ ಐದೂವರೆ ವರ್ಷ. ತಾಯಿ ಸೋಮವಾರಪೇಟೆ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಕೊಯ್ಯುವವಳು, ಕೂಲಿಯವರ ಲೈನ್‌ಮನೆಯಲ್ಲಿ ವಾಸ. ಅವಳಿಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯ ಮೇಸ್ತ್ರಿ ತನಗೆ ಏನು ಮಾಡುತ್ತಾನೆ ಎಂಬುದನ್ನು ಮಗು ಗೊತ್ತಿದ್ದ ನಾಲ್ಕೇ ಮಾತಿನಲ್ಲಿ ನನಗೆ ಹೇಳಿತು. ತಾಯಿಯನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ.

ಮರುದಿನವೇ ದೊಡ್ಡವರ ಸವಾರಿ ಬಂತು. ಅವರಲ್ಲಿ ಒಬ್ಬ ಗಡ್ಡ ನೀವಿಕೊಳ್ಳುತ್ತಾ ಕೇಳಿದ, "ಕಣ್ಣಲ್ಲಿ ಕಂಡೋರು ಯಾರವ್ರೆ ಟೀಚರೆ? ಮಗೀನ ಮಾತು ಕಟ್ಕೊಂಡು ಒಬ್ಬನ ಸಂಸಾರ ಹಾಳು ಮಾಡೋದಾ?" ಒಣಗಲು ಹಾಕಿದ ಕಾಫಿ ಕಳುವಾದರೆ ನಾಯಿ ಬೊಗಳಿದ್ದನ್ನೂ ಸಾಕ್ಷಿ ಎನ್ನುವ ಜನ ಇವರು. ಮಗುವಿನ ಮಾತು ಮಾತ್ರ ಇವರ ತಕ್ಕಡಿಯಲ್ಲಿ ತೂಗುವುದಿಲ್ಲ. ಬಾಗಿಲು ಹಾಕಿಕೊಂಡು ಮಾಡುವ ಹಲ್ಕಾ ಕೆಲಸಕ್ಕೆ ಕಂಡವರನ್ನು ನಾನೆಲ್ಲಿಂದ ತರಲಿ?

ಹೀಗೆ ಊರನ್ನೆಲ್ಲ ಬೈದುಕೊಂಡೇ ಮಡಿಕೇರಿಯ ಕೋರ್ಟಿಗೆ ಹೋದೆ. ಮಗುವಿನ ವಿಚಾರಣೆ ಆಗಲೇ ಮುಗಿದಿತ್ತು. ಅದು ಏನು ಹೇಳಿತು, ಯಾವತ್ತು ಹೇಳಿತು ಎಂದು ತಿಳಿಸಿ ಅದರ ಮಾತಿಗೆ ಬಲ ಕೊಡುವುದಷ್ಟೇ ನನ್ನ ಕೆಲಸ. ಸೋಮವಾರ ಎಂದು ಪೊಲೀಸರಿಗೆ ಬರೆಸಿದ್ದೆ, ಕಟಕಟೆಯಲ್ಲೂ ಅದನ್ನೇ ಒಪ್ಪಿಸಿದೆ. ಮೇಸ್ತ್ರಿಯ ವಕೀಲ ನಗುತ್ತಾ ಎದ್ದ.

"ಟೀಚರಿಗೆ ಶುಕ್ರವಾರನೇ ಹೇಳಿದ್ದೆ ಅಂತ ಮಗು ಹೇಳಿದೆ. ನೀವು ಸೋಮವಾರ ಅಂತೀರಿ. ಹಾಗಾದ್ರೆ ಮಗು ಹೇಳಿದ್ದು ಸುಳ್ಳು, ಅಲ್ವಾ?"

ಶುಕ್ರವಾರ ನನಗೆ ಮರೆತಿರಲಿಲ್ಲ. ಅಂಗನವಾಡಿ ಮಕ್ಕಳ ಫೋಟೊವನ್ನು ದಿನಾ ಫೋನಿನಿಂದ ಮೇಲಿನವರಿಗೆ ಕಳಿಸಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ರಸ್ತೆ ತಿರುವಿನ ದಿಬ್ಬದ ಮೇಲೆ ಮಾತ್ರ. ಆ ಶುಕ್ರವಾರ ಮಕ್ಕಳನ್ನು ಅಲ್ಲಿ ಕೂರಿಸಿ, ಫೋನನ್ನು ತಲೆಯ ಮೇಲೆತ್ತಿ ನಿಂತಿದ್ದೆ. ಮಗು ಸೆರಗು ಜಗ್ಗಿ ಹೇಳಿತು. ಕೇಳಿಸಿತು, ಪೂರ್ತಿ ಕೇಳಿಸಿತು. ಸುಮ್ಮನಿರು, ಮೊದಲು ಫೋಟೊ ಹೋಗಲಿ ಎಂದೆ. ಫೋಟೊ ಹೋದ ಮೇಲೆ ನಾನು ಕೇಳಲಿಲ್ಲ. ಕೇಳಿದರೆ ರಗಳೆ ಎಂದು ಗೊತ್ತಿತ್ತು. ಸೋಮವಾರ ಅದು ಅಳುತ್ತಾ ಬಂದು ಮತ್ತೆ ಹೇಳಿತು. ಮೊದಲೇ ಕೇಳಿಯೂ ಸುಮ್ಮನಿದ್ದೆ ಎಂದರೆ ನನ್ನ ಮೇಲೂ ಕೇಸು ಬೀಳುತ್ತದೆ ಎಂದು ಆ ಶುಕ್ರವಾರವನ್ನೇ ನುಂಗಿಬಿಟ್ಟಿದ್ದೆ. ಆ ನಾಲ್ವರಿಗಿಂತ ನಾನೇನು ಕಮ್ಮಿ?

ಹೌದು ಎಂದರೆ ನಾನು ಬಚಾವು, ಮಗು ಸುಳ್ಳುಗಾತಿ.

"ಮಗು ನಿಜ ಹೇಳಿದೆ ಸ್ವಾಮಿ," ಎಂದೆ. "ಶುಕ್ರವಾರವೇ ಹೇಳಿತ್ತು. ಸುಳ್ಳು ಬರೆಸಿದ್ದು ನಾನು."

ವಕೀಲನ ನಗು ಇಳಿಯಿತು. ಅದನ್ನೆಲ್ಲ ಟೈಪ್ ಮಾಡಿಸಿದ ಮೇಲೆ ನ್ಯಾಯಾಧೀಶರು, ಶುಕ್ರವಾರ ಅಂಗನವಾಡಿ ಬಿಟ್ಟ ಮೇಲೆ ಮಗು ಯಾರ ಜೊತೆ ಹೋಯಿತು ಎಂದು ಕೇಳಿದರು.

"ಅವರಮ್ಮ ಇನ್ನೂ ತೋಟದಲ್ಲಿದ್ದಳು," ಎಂದೆ. "ಮೇಸ್ತ್ರಿ ಕರ್ಕೊಂಡು ಹೋಗೋಕೆ ಬಂದಿದ್ದ. ಮಗೂನ ಕೈಯನ್ನ ಅವನ ಕೈಗೆ ಕೊಟ್ಟೋಳು ನಾನೇ."